ಗ್ಯಾಸ್ ಎಲ್ಲಿಗೆ ಹೋಯಿತು?

ಕಲಬುರಗಿಯ ಬಿಸಿಲನ್ನು ಕುರಿತು, ಇಲ್ಲಿಯೇ ಓದಿ ಬೆಳೆದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾದುದೇನೂ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 42-43 ಡಿಗ್ರಿ ಮುಟ್ಟುವುದು ನಮಗೆ ಸಾಮಾನ್ಯ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ಪದ್ಧತಿ ನಮ್ಮ ಭಾಗದಲ್ಲಿದೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಮನೆಯಲ್ಲಿ ಒಂದು ಕೂಲರ್ ಇದ್ದರೆ ಅದೇ ದೊಡ್ಡ ಸೌಕರ್ಯ. ಈಗ ಮಧ್ಯಮವರ್ಗದ ಮನೆಗಳ ಗೋಡೆಗೂ ಎ.ಸಿ. ಬಂದಿದೆ. ಕಂತಿನ ಮೇಲೆ ಅದನ್ನು ಕೊಳ್ಳುವುದು ಸುಲಭ. ಆದರೆ ಅದು ಕೆಟ್ಟಾಗ ಏನು ಕೇಳಬೇಕು, ಎಷ್ಟು ಕೊಡಬೇಕು ಎಂಬುದನ್ನು ಅಂಗಡಿಯವರು ಹೇಳಿಕೊಡುವುದಿಲ್ಲ.

ಈ ವಿಷಯ ಬರೆಯಲು ಕಾರಣ ನನ್ನ ಅಕ್ಕ. ಅವಳಿಗೀಗ ಎಪ್ಪತ್ತು ದಾಟಿದೆ. ಭಾವನವರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯೇ ಆಧಾರ. ಹೃದಯದ ತೊಂದರೆಯಿರುವುದರಿಂದ ಬೇಸಿಗೆಯಲ್ಲಿ ತಂಪಾದ ಕೋಣೆಯಲ್ಲಿರಬೇಕೆಂದು ವೈದ್ಯರು ಹೇಳಿದ್ದರು. ಪುಣೆಯಲ್ಲಿರುವ ಮಗ ಎ.ಸಿ. ಹಾಕಿಸಿಕೊಟ್ಟ. 2022, 2023, 2024 - ಮೂರು ಬೇಸಿಗೆಯಲ್ಲಿಯೂ ಅದು ತಂಪು ಮಾಡುವುದನ್ನು ನಿಲ್ಲಿಸಿತು. ಮೂರು ಸಲವೂ ರಿಪೇರಿಯವನು ಬಂದು "ಗ್ಯಾಸ್ ಖಾಲಿ ಆಗ್ಯಾದ" ಎಂದು ಹೇಳಿ, ತುಂಬಿಸಿ ಹೋದ. ಮೂರೂ ವರ್ಷ ಸೇರಿ ಒಂಬತ್ತು ಸಾವಿರ ರೂಪಾಯಿ.

2025ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನಾನು ಹೋದಾಗ ಅಕ್ಕ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ನೆಲದ ಮೇಲೆ ಕುಳಿತಿದ್ದಳು. ಎ.ಸಿ. ಬಂದಾಗಿತ್ತು.

"ಯಾಕಕ್ಕ, ಹಚ್ಚಿಲ್ಲ?" ಎಂದೆ.

"ಈಗೇ ಹಚ್ಚಿದ್ರ ಗ್ಯಾಸ್ ಖರ್ಚಾಗ್ತದ ತಮ್ಮಾ. ಮೇ ತಿಂಗಳಿಗಿ ಇರ್ಲಿ. ಮತ್ತ ಮೂರು ಸಾವಿರ ಎಲ್ಲಿಂದ ತರ್ಲಿ?"

ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ಆ ಮಾತು ಕೇಳಿ ಕ್ಷಣಕಾಲ ಏನು ಹೇಳಬೇಕೋ ತೋಚಲಿಲ್ಲ. ವಿಚಾರ ಮಾಡಿದರೆ ಅವಳ ತರ್ಕದಲ್ಲಿ ದಡ್ಡತನವೇನೂ ಇರಲಿಲ್ಲ. ಅಡುಗೆಮನೆಯ ಸಿಲಿಂಡರಿನಲ್ಲಿ ಗ್ಯಾಸ್ ಉರಿದಷ್ಟು ಮುಗಿಯುತ್ತದೆ. ಕೂಲರಿನಲ್ಲಿ ನೀರು ಆವಿಯಾದಷ್ಟು ಮುಗಿಯುತ್ತದೆ. ಎ.ಸಿ.ಯೂ ಹಾಗೆಯೇ ಇರಬೇಕೆಂದು ಯಾರಾದರೂ ಭಾವಿಸಬಹುದು. ಆದರೆ ಅದು ಹಾಗಲ್ಲ.

ಎ.ಸಿ.ಯ ಗ್ಯಾಸ್ ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುತ್ತದೆ. ಕೋಣೆಯೊಳಗಿನ ಸುರುಳಿಯಲ್ಲಿ ಅದು ದ್ರವದಿಂದ ಆವಿಯಾಗುವಾಗ ಕೋಣೆಯ ಶಾಖವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಕಂಪ್ರೆಸರ್ ಅದನ್ನು ಒತ್ತಿದ ಮೇಲೆ ಮತ್ತೆ ದ್ರವವಾಗಿ, ಆ ಶಾಖವನ್ನು ಹೊರಗೆ ಬಿಡುತ್ತದೆ. ಹತ್ತನೆಯ ತರಗತಿಯಲ್ಲಿ ನಾವು ಓದಿದ ಗುಪ್ತೋಷ್ಣದ ಪಾಠವೇ ಇದು. ಹತ್ತು ವರ್ಷ ನಡೆಸಿದರೂ ಅದು ಖರ್ಚಾಗುವುದಿಲ್ಲ. ಕಡಿಮೆಯಾಗಿದೆಯೆಂದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಆದ್ದರಿಂದ ಗ್ಯಾಸ್ ಖಾಲಿಯಾಗಿದೆಯೆಂದು ಯಾರಾದರೂ ಹೇಳಿದರೆ, ದರ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಎಲ್ಲಿಗೆ ಹೋಯಿತು?"

ಐ.ಟಿ.ಐ.ಯಲ್ಲಿ ಇದೇ ವೃತ್ತಿ ಕಲಿತ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆ. ಅವನು ಕೊಳವೆಯ ಕೂಡುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿದ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡಿದಂತೆಯೇ. ಒಳಪೆಟ್ಟಿಗೆಯ ಹಿಂದಿನ ನಟ್ಟಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು. "ನೋಡ್ರಿ ಸರ್, ಬಂದ್ ಇಟ್ರೂ ಸೋರ್ತದರಿ ಇದು" ಎಂದ. ಅಕ್ಕ ಬಿಸಿಲಿನಲ್ಲಿ ಬೆಂದು ಕುಳಿತದ್ದರಿಂದ ಒಂದು ಗ್ರಾಂ ಗ್ಯಾಸೂ ಉಳಿದಿರಲಿಲ್ಲ. ಅವನು ಕೊಳವೆಯ ತುದಿಯನ್ನು ಹೊಸದಾಗಿ ಅಗಲಿಸಿ ಕೂಡಿಸಿದ. ನೈಟ್ರೋಜನ್ ತುಂಬಿ ಒತ್ತಡ ಇಳಿಯುವುದೇ ಎಂದು ಪರೀಕ್ಷಿಸಿದ. ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ-ತೇವಗಳನ್ನು ತೆಗೆದು, ತೂಕ ಮಾಡಿ ಗ್ಯಾಸ್ ತುಂಬಿದ. ಅರ್ಧ ದಿನ ಹಿಡಿಯಿತು, ನಾಲ್ಕೂವರೆ ಸಾವಿರವಾಯಿತು. ಹಿಂದಿನ ಯಾವ ಬಿಲ್ಲಿಗಿಂತಲೂ ಇದು ದೊಡ್ಡದು. ಆದರೆ ನಿಜವಾದ ರಿಪೇರಿ ಇದೊಂದೇ. ಅಗ್ಗದವನನ್ನು ಹುಡುಕಿರೆಂದು ನಾನು ಹೇಳುತ್ತಿಲ್ಲ. ಕಾರಣ ಹುಡುಕುವವನಿಗೆ ಮನಸಾರೆ ಕೊಡಿ ಎಂದು ಹೇಳುತ್ತಿದ್ದೇನೆ.

ಇನ್ನುಳಿದ ಖರ್ಚುಗಳ ಅಂದಾಜನ್ನೂ ಬರೆದಿಡುತ್ತೇನೆ. ದರಗಳು ಊರಿನಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಾಗುತ್ತವೆ. ಸಾಮಾನ್ಯ ಸರ್ವಿಸಿಗೆ ಐದುನೂರರಿಂದ ಎಂಟುನೂರು ರೂಪಾಯಿ. ಹೊರಪೆಟ್ಟಿಗೆಯ ಫ್ಯಾನು ತಿರುಗದಿದ್ದರೆ ಎಷ್ಟೋ ಸಲ ಕೆಟ್ಟಿರುವುದು ಕೆಲವು ನೂರು ರೂಪಾಯಿಯ ಕೆಪಾಸಿಟರ್. ಒಳಗಿನಿಂದ ನೀರು ತೊಟ್ಟಿಕ್ಕಿದರೆ ಬಹುತೇಕ ನೀರು ಹೋಗುವ ಪೈಪು ಕಟ್ಟಿರುತ್ತದೆ. ಇನ್ವರ್ಟರ್ ಎ.ಸಿ.ಗಳ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಕೆಲವು ಸಾವಿರ. ಕಂಪ್ರೆಸರ್ ಕೆಟ್ಟರೆ ಹತ್ತು ಸಾವಿರದ ಆಚೆಗೂ ಹೋಗಬಹುದು. ಅನೇಕ ಕಂಪನಿಗಳು ಕಂಪ್ರೆಸರಿಗೆ ಹತ್ತು ವರ್ಷದ ವಾರಂಟಿ ಕೊಡುತ್ತವೆ. ಆದರೆ ಅದು ಹೆಚ್ಚಾಗಿ ಆ ಭಾಗಕ್ಕೆ ಮಾತ್ರ. ಗ್ಯಾಸು, ಕೂಲಿ, ಸಾಗಾಣಿಕೆ ನಮ್ಮ ತಲೆಯ ಮೇಲೆಯೇ ಬೀಳಬಹುದು. ವಾರ್ಷಿಕ ಒಪ್ಪಂದ ಮಾಡಿಕೊಳ್ಳುವವರೂ ಅದರಲ್ಲಿ ಬಿಡಿಭಾಗ, ಗ್ಯಾಸು ಸೇರಿವೆಯೋ ಅಥವಾ ಬರಿಯ ತೊಳೆಯುವ ಕೆಲಸವೋ ಎಂದು ಓದಿ ಸಹಿ ಮಾಡಬೇಕು.

ಹೊರಪೆಟ್ಟಿಗೆಯ ಮೇಲಿನ ಚೀಟಿಯನ್ನು ಒಮ್ಮೆ ಓದಿರಿ. ಯಾವ ಗ್ಯಾಸು, ಎಷ್ಟು ತೂಕ ಎಂದು ಅಲ್ಲಿ ಅಚ್ಚಾಗಿರುತ್ತದೆ. ಅಲ್ಲಿ ಎಂಟುನೂರು ಗ್ರಾಂ ಎಂದಿದ್ದರೆ ಬಿಲ್ಲಿನಲ್ಲಿ ಒಂದೂವರೆ ಕಿಲೋ ಬರಲಾಗದು. ಹಳೆಯ ಯಂತ್ರಗಳಲ್ಲಿರುವ ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವಂಥದು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದನ್ನು ಹಂತಹಂತವಾಗಿ ಬಿಡಲಾಗುತ್ತಿದೆ. 2025ರ ಆರಂಭದಿಂದ ನಮ್ಮ ದೇಶದಲ್ಲಿ ಅದನ್ನು ಬಳಸುವ ಹೊಸ ಯಂತ್ರಗಳ ತಯಾರಿಕೆಯೂ ನಿಂತಿದೆ. ಈಗ ಹೆಚ್ಚಾಗಿ ಬರುವ ಆರ್-32 ಓಝೋನಿಗೆ ಹಾನಿ ಮಾಡುವುದಿಲ್ಲ, ಆದರೆ ಸ್ವಲ್ಪಮಟ್ಟಿಗೆ ಉರಿಯುವ ಗುಣ ಅದಕ್ಕಿದೆ. ಒಂದರ ಜಾಗದಲ್ಲಿ ಇನ್ನೊಂದನ್ನು ತುಂಬಲು ಬಿಡಬೇಡಿ. ಸ್ವತಃ ಬಿಚ್ಚುವ ಸಾಹಸವೂ ಬೇಡ. ಕೆಪಾಸಿಟರ್ ಸ್ವಿಚ್ ತೆಗೆದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ.

ನಾವೇ ಮಾಡಬಹುದಾದ ಕೆಲಸವೊಂದಿದೆ. ನಮ್ಮ ಧೂಳಿಗೆ ಹದಿನೈದು ದಿನಕ್ಕೊಮ್ಮೆ ಒಳಪೆಟ್ಟಿಗೆಯ ಜಾಳಿಗೆಯನ್ನು ತೆಗೆದು ನೀರಿನಲ್ಲಿ ತೊಳೆದು ಒಣಗಿಸಿ ಹಾಕಬೇಕು. ಗಾಳಿ ಕಟ್ಟಿದರೆ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ತಂಪು ಕಡಿಮೆಯಾಗುತ್ತದೆ. ಆಗಲೂ "ಗ್ಯಾಸ್ ಖಾಲಿ" ಎನ್ನುವವರಿದ್ದಾರೆ! ಕಂಪನಿಯ ದೂರವಾಣಿ ಸಂಖ್ಯೆಯನ್ನು ವಾರಂಟಿ ಪತ್ರದಿಂದಲೇ ತೆಗೆದುಕೊಳ್ಳಿ; ಇಂಟರ್‌ನೆಟ್‌ನಲ್ಲಿ ಹುಡುಕಿದರೆ ನಕಲಿ ಸಂಖ್ಯೆಗಳೂ ಸಿಗುತ್ತವೆ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ, ಬಿಲ್ಲು ಇಟ್ಟುಕೊಳ್ಳಿ. ಬಿಲ್ಲು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಲು ಆಧಾರವಿರುತ್ತದೆ.

ಯಂತ್ರಕ್ಕೆ ಎಂಟು-ಹತ್ತು ವರ್ಷವಾಗಿ, ರಿಪೇರಿಯ ವೆಚ್ಚ ಹೊಸದರ ಬೆಲೆಯ ಅರ್ಧಕ್ಕೆ ಬಂದರೆ ಹೊಸದನ್ನು ಯೋಚಿಸುವುದೇ ಲೇಸು. 2025ರ ಸೆಪ್ಟೆಂಬರ್ 22ರಿಂದ ಎ.ಸಿ.ಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ.

ದೂರದೂರಿನಲ್ಲಿ ದುಡಿಯುತ್ತ ಊರಿನಲ್ಲಿರುವ ತಂದೆತಾಯಿಗೆ ಎ.ಸಿ. ಹಾಕಿಸಿಕೊಟ್ಟಿರುವ ನನ್ನ ವಿದ್ಯಾರ್ಥಿಗಳು ಬಹಳ ಜನರಿದ್ದೀರಿ. ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ. ಆದರೆ ಫೋನಿನಲ್ಲಿ "ಎ.ಸಿ. ಸರಿಯಾಗಿದೆಯೇ?" ಎಂದಷ್ಟೇ ಕೇಳಬೇಡಿ, "ಹಚ್ಚುತ್ತೀರೋ ಇಲ್ಲವೋ?" ಎಂದು ಕೇಳಿ. ಇಳಿವಯಸ್ಸಿನಲ್ಲಿ ದೇಹಕ್ಕೆ ತನ್ನನ್ನು ತಾನು ತಂಪು ಮಾಡಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಬಾಯಾರಿಕೆಯೂ ಹೊತ್ತಿಗೆ ಸರಿಯಾಗಿ ತಿಳಿಯುವುದಿಲ್ಲ. ಬಿಲ್ಲಿಗೆ ಹೆದರಿ ಅವರು ಬಿಸಿಲಲ್ಲಿ ಕುಳಿತಿದ್ದರೆ ನಿಮಗೆ ಹೇಳುವುದೂ ಇಲ್ಲ. ರಿಪೇರಿಯ ಹಣ ನಿಮ್ಮದೇ ಜವಾಬ್ದಾರಿ ಎಂದು ಬೇಸಿಗೆ ಬರುವ ಮೊದಲೇ ಅವರಿಗೆ ಸ್ಪಷ್ಟವಾಗಿ ತಿಳಿಸಿಬಿಡಿ.