ಚೀಟಿಯಲ್ಲಿ ಕೇಳಿದ ಪ್ರಶ್ನೆ

ಹೊಸ ವ್ಯಾಪಾರ ಆರಂಭಿಸುವವರು ಮುಹೂರ್ತ ನೋಡುತ್ತಾರೆ, ಹಲ್ಲುನೋವು ನೋಡುವುದಿಲ್ಲ. ಡೊಂಬಿವಲಿಯ ನಮ್ಮ ಬಾಡಿಗೆ ಮನೆಗೆ ಇವೆರಡೂ ಒಂದೇ ವಾರದಲ್ಲಿ ಕೂಡಿ ಬಂದವು. ನಾವೆಂದರೆ ಗಂಡ ಹೆಂಡತಿ ಇಬ್ಬರು. ಒಬ್ಬರು ಕೇಂದ್ರ ಸರ್ಕಾರದ ನೌಕರರು. ಬೆಳಗಿನ ಲೋಕಲ್ ಗಾಡಿಯಲ್ಲಿ ಮುಂಬಯಿಗೆ ಹೋಗಿ ಕಡತಗಳ ನಡುವೆ ಕುಳಿತು ಸಂಜೆ ಮರಳುವವರು. ಇನ್ನೊಬ್ಬರು ಖಾಸಗಿ ಸಂಸ್ಥೆಯೊಂದರಲ್ಲಿ 19 ವರ್ಷ ಲೆಕ್ಕ ಬರೆದು, ಸಾಕೆನಿಸಿ, ಭವಿಷ್ಯನಿಧಿಯ ಒಂದು ಪಾಲಿನಿಂದ ಕ್ಯಾಮೆರಾ, ಟ್ರೈಪಾಡ್ ಮತ್ತು ಎರಡು ಕಾಲರ್ ಮೈಕುಗಳನ್ನು ಕೊಂಡವರು. ಹಿರಿಯರನ್ನು ಮಾತಾಡಿಸಿ, ಅವರ ಜೀವನದ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ, ಮನೆಮಂದಿಗಾಗಿ ವೀಡಿಯೊ ಮಾಡಿಕೊಡುವುದು ಅವರ ಯೋಜನೆ. ಮಾತಾಡಿಸುವುದೇ ಬಂಡವಾಳವಾಗಿದ್ದ ಆ ಉದ್ಯೋಗದ ಮೊದಲ ವಾರದಲ್ಲಿ ಅವರ ಬಾಯಿಯೇ ಮುಚ್ಚಿತು.

ಕೆಳದವಡೆಯ ಬಲಬದಿಯ ಕೊನೆಯ ಹಲ್ಲು ಅಡ್ಡಲಾಗಿ ಮಲಗಿತ್ತು. ನಮ್ಮಲ್ಲಿ ಬುದ್ಧಿಹಲ್ಲು ಎನ್ನುವುದನ್ನು ಇಲ್ಲಿಯವರು 'ಅಕ್ಕಲ್ ದಾಢ್' ಎನ್ನುತ್ತಾರೆ. ಬುದ್ಧಿಯ ಹೆಸರು ಹೊತ್ತ ಹಲ್ಲು ಎರಡು ಭಾಷೆಗಳಲ್ಲಿಯೂ ನೋವಿನದೇ. ಎಕ್ಸ್-ರೇಯಲ್ಲಿ ಅದು, ಲೋಕಲ್ ಗಾಡಿಯ ಮೂವರ ಆಸನದಲ್ಲಿ ನಾಲ್ಕನೆಯವನಾಗಿ ತೂರಿಕೊಂಡು ಪಕ್ಕದವನ ಹೆಗಲನ್ನು ಒತ್ತುವ ಪ್ರಯಾಣಿಕನಂತೆ ಕಾಣುತ್ತಿತ್ತು. ಸೋಮವಾರ ವೈದ್ಯರು ಒಸಡನ್ನು ಕೊಯ್ದು, ತುಸು ಮೂಳೆಯನ್ನು ಕೊರೆದು, ಹಲ್ಲನ್ನು ಮೂರು ತುಂಡು ಮಾಡಿ ತೆಗೆದು ಹೊಲಿಗೆ ಹಾಕಿದರು. ಆ ಹಲ್ಲಿನ ಬೇರುಗಳ ಸಮೀಪದಲ್ಲಿಯೇ ಕೆಳದುಟಿಗೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ ಎಂದು ಅವರು ಮೊದಲೇ ಎಚ್ಚರಿಸಿ, ಕಾಗದಕ್ಕೆ ಸಹಿಯನ್ನೂ ಪಡೆದಿದ್ದರು.

ಮನೆಗೆ ಬಂದ ಮೇಲೆ ಪಾಲಿಸಬೇಕಾದ ನಿಯಮಗಳೆಲ್ಲ 'ಬೇಡ'ಗಳೇ. ಮೊದಲ 24 ಗಂಟೆ ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ನಳಿಕೆಯಿಂದ ಹೀರಬೇಡಿ, ನಾಲಗೆಯಿಂದ ಮುಟ್ಟಿ ನೋಡಬೇಡಿ. ಹಲ್ಲು ಕಿತ್ತ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಒಳಗಿನ ಮೂಳೆಗೆ ಹೊದಿಕೆ. ಅದು ಕಳಚಿಹೋದರೆ ಮೂರನೆಯ ದಿನವೋ ನಾಲ್ಕನೆಯ ದಿನವೋ ಬರುವ ನೋವು ಕಿವಿಯವರೆಗೂ ಏರುತ್ತದೆ. ಔಷಧಿಗಿಂತ ಹೆಚ್ಚಾಗಿ, ಕೈಹಾಕದೆ ಬಿಡುವುದೇ ಚಿಕಿತ್ಸೆ ಎಂಬುದು ನಮಗೆ ವಿಚಿತ್ರವಾಗಿ ಕಂಡಿತು.

ಎರಡನೆಯ ದಿನಕ್ಕೆ ಕೆನ್ನೆ ಊದಿತು. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ರಾಗಿ ಅಂಬಲಿ, ಕಿವುಚಿದ ಮೊಸರನ್ನ, ಬಾಳೆಹಣ್ಣು ಇವಷ್ಟೇ ಊಟ. ಎದುರುಮನೆಯ ಮಾಲವಣದ ಕಾಕು ಒಂದು ಪಾತ್ರೆಯಲ್ಲಿ 'ಪೇಜ್' ತಂದುಕೊಟ್ಟರು. ಮುಚ್ಚಳ ತೆರೆದರೆ ನಮ್ಮದೇ ಗಂಜಿ. ಊತದ ಅಂಜಿಕೆ ನಮಗಿರಲಿಲ್ಲ. ಅಂಜಿಕೆಯಿದ್ದದ್ದು ಕೆಳದುಟಿಯ ಬಲ ಅರ್ಧದ ಬಗ್ಗೆ. ಮರಗಟ್ಟಿಸಿದ ಮದ್ದು ಇಳಿದು ಒಂದು ದಿನ ಕಳೆದರೂ ಅಲ್ಲಿ ಜೋಮು ಬಿಡಲಿಲ್ಲ. ಅಂಬಲಿ ಗದ್ದದ ಮೇಲೆ ಇಳಿದರೂ ತಿಳಿಯುತ್ತಿರಲಿಲ್ಲ. ವೈದ್ಯರು ಹತ್ತಿಯ ಎಳೆಯಿಂದ ತುಟಿಯನ್ನು ಸವರಿ ನೋಡಿ, ನರ ಘಾಸಿಗೊಂಡಿದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತದೆ, ಕಾಯಿರಿ ಎಂದರು. ಸಂಬಳ ಬಿಟ್ಟು ಬಂದವರಿಗೆ 'ತಿಂಗಳು' ಎಂಬ ಪದ ಬೇರೆಯೇ ತೂಕದ್ದಾಗಿ ಕೇಳಿಸುತ್ತದೆ.

ಅದೇ ವಾರ ಕಚೇರಿಯ ಕಾಗದವೂ ಸಿದ್ಧವಾಯಿತು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳಲ್ಲಿ 15ನೆಯದು ವ್ಯಾಪಾರಕ್ಕೆ ಸಂಬಂಧಿಸಿದ್ದು. ಪೂರ್ವಾನುಮತಿಯಿಲ್ಲದೆ ನೌಕರರು ವ್ಯಾಪಾರ ಮಾಡುವಂತಿಲ್ಲ. ಮನೆಯವರು ಯಾರಾದರೂ ಮಾಡಿದರೆ ಅದನ್ನು ಸರ್ಕಾರಕ್ಕೆ ವರದಿ ಮಾಡಬೇಕು. ಮನೆಯವರ ವ್ಯವಹಾರಕ್ಕಾಗಿ ಗಿರಾಕಿಗಳನ್ನು ಹುಡುಕಿಕೊಡುವುದೂ ನಿಯಮಭಂಗವೇ. ಒಬ್ಬರು ಮಾತಾಡಲಾರರು, ಇನ್ನೊಬ್ಬರು ಮಾತಾಡುವಂತಿಲ್ಲ. ಒಂದೇ ಸೂರಿನ ಕೆಳಗೆ ಎರಡು ಬಗೆಯ ಮೌನಗಳು ಸೇರಿದವು.

ಮೊದಲ ಕೆಲಸದ ದಿನ ಭಾನುವಾರವೆಂದು ಮೊದಲೇ ಗೊತ್ತಾಗಿತ್ತು. ಮಾಟುಂಗಾದ ಹಿರಿಯರೊಬ್ಬರ ಸಹಸ್ರಚಂದ್ರದರ್ಶನಕ್ಕೆಂದು ಅವರ ಮಗ ವೀಡಿಯೊ ಕೇಳಿದ್ದರು. ಸಾವಿರ ಹುಣ್ಣಿಮೆಗಳಾಗಲು 81 ವರ್ಷಕ್ಕೆ ತುಸು ಕಡಿಮೆ ಕಾಲ ಬೇಕು. ಮಗ ದುಬೈಗೆ ಮರಳುವವರಾದ್ದರಿಂದ ದಿನ ಮುಂದೂಡುವಂತಿರಲಿಲ್ಲ. 35,000 ರೂಪಾಯಿಗೆ ಒಪ್ಪಿ, 10,000 ಮುಂಗಡ ಕೊಟ್ಟಿದ್ದರು. ಆ ಮುಂಗಡ ಹಲ್ಲಿಗೇ ಖರ್ಚಾಗಿತ್ತು.

ಆರನೆಯ ದಿನ ಕ್ಯಾಮೆರಾದವರು ಪ್ರಶ್ನೆಗಳನ್ನು ಚೀಟಿಗಳಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡು ಹೊರಟರು. ನೌಕರಿಯವರು ಗಂಜಿಯ ಡಬ್ಬಿ ಹಿಡಿದು ಜೊತೆಗೆ ಹೋದದ್ದು ಹೆಂಡತಿಯಾಗಿ ಮಾತ್ರ. ಆ ಮನೆಯ ಸೊಸೆಯೊಂದಿಗೆ ಅಡುಗೆಮನೆಯಲ್ಲಿ ಕುಳಿತದ್ದೂ ಹಾಗೆಯೇ. ಹಿರಿಯರು ಚೀಟಿಗಳನ್ನು ಕೈಗೆತ್ತಿಕೊಂಡು, "ನಿಮಗೆ ಬಾಯಿ ಇಲ್ಲ, ನನಗೆ ಕನ್ನಡಕ ಇಲ್ಲ, ಒಳ್ಳೆ ಜೋಡಿ ಮಾರಾಯ್ರೆ" ಎಂದು ನಕ್ಕರು. ಕನ್ನಡಕ ಬಂದ ಮೇಲೆ ಪ್ರತಿಯೊಂದು ಪ್ರಶ್ನೆಯನ್ನೂ ತಾವೇ ಗಟ್ಟಿಯಾಗಿ ಓದಿ, ತಾವೇ ಉತ್ತರ ಹೇಳತೊಡಗಿದರು.

ಉಡುಪಿಯ ಕಡೆಯ, ತುಳು ಮನೆಮಾತಿನ ಹುಡುಗ. ಎರಡನೆಯ ತರಗತಿಗೇ ಶಾಲೆ ಬಿಟ್ಟು, 1956ರಲ್ಲಿ 12ನೆಯ ವಯಸ್ಸಿಗೆ ಮುಂಬಯಿಗೆ ಬಂದದ್ದು. ಆಗ ದಕ್ಷಿಣ ಕನ್ನಡ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಆ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಕೊಂಕಣ ರೈಲ್ವೆ ಪೂರ್ಣಗೊಂಡದ್ದು 1998ರಲ್ಲಿ. ಘಟ್ಟ ಹತ್ತಿ, ಬಸ್ಸಿನಲ್ಲಿ ಹುಬ್ಬಳ್ಳಿ ಸೇರಿ, ರೈಲು ಹಿಡಿದು, ಪುಣೆಯಲ್ಲಿ ಗಾಡಿ ಬದಲಿಸಿ ಬಂದವರು ಅವರು. ಫೋರ್ಟ್ ಭಾಗದ ಹೋಟೆಲಿನಲ್ಲಿ ಹಗಲೆಲ್ಲ ತಟ್ಟೆ ಎತ್ತಿ, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಅಕ್ಷರ ಕಲಿತರು. ಅಂಥ ರಾತ್ರಿಶಾಲೆಗಳು ಈ ಊರಿನ ಎಷ್ಟೋ ಹೋಟೆಲ್ ಹುಡುಗರನ್ನು ಓದಿಸಿದವು ಎಂಬುದು ಮುಂಬಯಿ ಕನ್ನಡಿಗರೆಲ್ಲ ಬಲ್ಲ ಸಂಗತಿ.

ಒಂಬತ್ತನೆಯ ಚೀಟಿ: 'ರಾತ್ರಿಶಾಲೆಯಲ್ಲಿ ಓದಲು ಕಲಿತ ಮೇಲೆ ನೀವಾಗಿಯೇ ಮೊದಲು ಓದಿದ್ದು ಏನು?' ಪತ್ರಿಕೆಯ ಹೆಸರೋ ಅಂಗಡಿಯ ಫಲಕವೋ ಬರಬಹುದೆಂದು ನಾವು ಎಣಿಸಿದ್ದೆವು. ಅವರು ಓದಿದರು, ಚೀಟಿಯನ್ನು ಮಡಿಸಿದರು, ಸುಮ್ಮನಾದರು. ಹೊರಗೆ ನೀರಿನ ಟ್ಯಾಂಕರ್ ಹಿಂದಕ್ಕೆ ಸರಿಯುವ ಸದ್ದು. ಬಾಯಿ ನೆಟ್ಟಗಿದ್ದಿದ್ದರೆ ಕ್ಯಾಮೆರಾದವರು ಆ ಹೊತ್ತಿಗೆ ಸಮಾಧಾನದ ಮಾತನ್ನೋ ಮುಂದಿನ ಪ್ರಶ್ನೆಯನ್ನೋ ಆಡಿಯೇ ಬಿಡುತ್ತಿದ್ದರು. ಅಂದು ಆಡಲಾಗಲಿಲ್ಲ. 41 ಸೆಕೆಂಡುಗಳ ನಂತರ ಹಿರಿಯರು ಹೇಳಿದರು: "ಊರಿನಿಂದ ಬಂದ ಕಾಗದ. ಅದುವರೆಗೆ ಹೋಟೆಲಿನ ರೈಟರು ಓದಿ ಹೇಳುತ್ತಿದ್ದರು. ಅವತ್ತು ನಾನೇ ಓದುತ್ತೇನೆ ಅಂತ ಹಟ ಮಾಡಿ ತೆಗೆದುಕೊಂಡೆ. ಅಮ್ಮ ತೀರಿಹೋಗಿ ಹನ್ನೊಂದು ದಿನ ಆಗಿತ್ತು." ಬಾಗಿಲ ಬಳಿ ನಿಂತಿದ್ದ ಮಗ ಆ ಮಾತನ್ನು ಅಂದೇ ಮೊದಲ ಬಾರಿಗೆ ಕೇಳಿದ್ದು.

ಎರಡು ಗಂಟೆಗೂ ಮಿಕ್ಕಿದ ಚಿತ್ರಣ ಸಂಕಲನದ ಮೇಜಿಗೆ ಬಂದಾಗ ಜಗಳ ಹುಟ್ಟಿತು. ಮೌನದ ಭಾಗಗಳನ್ನು ತಾನಾಗಿಯೇ ಹುಡುಕಿ ಕತ್ತರಿಸುವ ಸೌಲಭ್ಯ ಇಂದಿನ ತಂತ್ರಾಂಶಗಳಲ್ಲಿದೆ. ಮಗ ಕೇಳಿದ್ದು ಸಭೆಯಲ್ಲಿ ತೋರಿಸಲು 8 ನಿಮಿಷದ, ಸಂಗೀತ ತುಂಬಿದ ವೀಡಿಯೊ. ಶುಭಕಾರ್ಯದಲ್ಲಿ ಸಾವಿನ ಮಾತು ಬೇಡವೆಂಬುದು ಅವರ ಕೋರಿಕೆ. ಅದು ಸಹಜವೂ ಹೌದು. ಗಿರಾಕಿ ಹೇಳಿದಂತೆ ಮಾಡಿ ಉಳಿದ 25,000 ಪಡೆಯುವುದೇ ವಿವೇಕ ಎಂದು ನಮ್ಮಲ್ಲೊಬ್ಬರು ಬಾಯಿಂದ ವಾದಿಸಿದರು. ಆ 41 ಸೆಕೆಂಡು ಅಳಿಸಿದರೆ ಈ ಉದ್ಯೋಗವೇ ಬೇಡ ಎಂದು ಇನ್ನೊಬ್ಬರು ಚೀಟಿಯಲ್ಲಿ ಬರೆದರು. ಬರೆದು ಜಗಳವಾಡುವವರಿಗೆ ಏರುದನಿ ಇರುವುದಿಲ್ಲ. ಉತ್ತರಕ್ಕೆ ಕಾಯುವವರ ಕೋಪ ಕಾಯುವುದರಲ್ಲಿಯೇ ಅರ್ಧ ಇಳಿಯುತ್ತದೆ. ಮಧ್ಯರಾತ್ರಿಯ ಹೊತ್ತಿಗೆ ಒಪ್ಪಂದವಾಯಿತು: ಸಭೆಗೆ 8 ನಿಮಿಷದ್ದು, ಮನೆಗೆ 22 ನಿಮಿಷದ್ದು. ಎರಡನೆಯದರಲ್ಲಿ ಆ ಮೌನ ಟ್ಯಾಂಕರಿನ ಸದ್ದಿನ ಸಮೇತ ಇರಬೇಕು. ಅದಕ್ಕೆ ಬೇರೆ ಹಣ ಕೇಳಬಾರದು.

ಕುಳಿಯಲ್ಲಿ ಹೆಪ್ಪುಗಟ್ಟಿದ್ದನ್ನು ಕೆದಕಬಾರದೆಂದು ವೈದ್ಯರು ಹೇಳಿದ್ದರ ಅರ್ಥ ನಮಗೆ ಸಂಕಲನದ ಮೇಜಿನ ಮುಂದೆ ಇನ್ನಷ್ಟು ತಿಳಿಯಿತು. ಮನುಷ್ಯರೊಳಗೂ ಹೀಗೆ ಹೆಪ್ಪುಗಟ್ಟಿ ಉಳಿದ ಸಂಗತಿಗಳಿರುತ್ತವೆ. ಕೆದಕಿದರೆ ನೋವು, ಮುಟ್ಟದೆ ಎದುರಿಗೆ ಕುಳಿತಿದ್ದರೆ, ಹೇಳಬೇಕಾದ ದಿನ ಅವರೇ ಹೇಳುತ್ತಾರೆ. ಪರವೂರಿನಲ್ಲಿ ಬಾಳಿದ ಹಿರಿಯರ ಬಳಿ ಅಂಥವು ಹೆಚ್ಚು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಮಕ್ಕಳ ಬಾಯಲ್ಲಿ ಮತ್ತೊಂದಾದಾಗ ಯಾವ ಭಾಷೆಯಲ್ಲಿ ಹೇಳುವುದೆಂದು ತಿಳಿಯದೆಯೇ ಎಷ್ಟೋ ಮಾತುಗಳು ಉಳಿದುಹೋಗುತ್ತವೆ.

ಮಗ ಉಳಿದ ಹಣವನ್ನು ಕೊಟ್ಟರು. ದುಬೈಯಿಂದ ಬಂದ ಅವರ ಸಂದೇಶದಲ್ಲಿ 8 ನಿಮಿಷದ ವೀಡಿಯೊದ ಪ್ರಸ್ತಾಪವೇ ಇರಲಿಲ್ಲ. ಇನ್ನೊಂದನ್ನು ಮಕ್ಕಳಿಗೆ ತೋರಿಸಿದೆ ಎಂದಷ್ಟೇ ಬರೆದಿದ್ದರು. ಹೆಸರು ಬೇಡ, ಕಥೆ ಬರೆಯಿರಿ ಎಂದು ಹಿರಿಯರು ಅನುಮತಿ ಕೊಟ್ಟದ್ದರಿಂದ ಇಷ್ಟನ್ನು ಬರೆದೆವು. ಎರಡನೆಯ ಕೆಲಸ ಇನ್ನೂ ಕೈಗೆ ಬಂದಿಲ್ಲ, ವಿಚಾರಿಸಿದವರು ಇಬ್ಬರಿದ್ದಾರೆ. ತುಟಿಯ ಮೂಲೆಯಲ್ಲಿ ಕಳೆದ ವಾರದಿಂದ ಇರುವೆ ಹರಿದಂತೆ ಚುಮುಚುಮು ಎನ್ನುತ್ತಿದೆ. ನರ ಚೇತರಿಸಿಕೊಳ್ಳುವ ಲಕ್ಷಣವಿದು ಎಂದು ವೈದ್ಯರು ಹೇಳಿದ್ದಾರೆ. ಮಾತು ಮರಳಿದ ಮೇಲೂ ಪ್ರಶ್ನೆಗಳನ್ನು ಚೀಟಿಯಲ್ಲಿಯೇ ಬರೆಯುವುದೆಂದು ನಿರ್ಧರಿಸಿದ್ದೇವೆ. ಈ ಬಾರಿ ಅಕ್ಷರಗಳನ್ನು ಇನ್ನೂ ದಪ್ಪಗೆ ಬರೆಯಬೇಕು.