ಟೇಪು ಓಡಿದ ಮನೆಯಲ್ಲಿ ಈಗ ಮೌನ

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ, ಮಿಸಿಸಿಪಿ ನದಿಯ ಪಶ್ಚಿಮ ದಂಡೆಗೆ ಸೇರಿದಂತೆ ಸೂವರ್ಡ್ ಎಂಬ ಬಡಾವಣೆಯಿದೆ. ಅಲ್ಲಿನ ಪೂರ್ವ 25ನೇ ಬೀದಿಯಲ್ಲಿ ಬಳ್ಳಿ ಹಬ್ಬಿದ ಕಾಂಕ್ರೀಟು ಕಟ್ಟಡವೊಂದು ನಿಂತಿದೆ. ಪ್ರವಾಸಿಗರನ್ನು ಸೆಳೆಯುವ ಚೆಲುವೇನೂ ಅದಕ್ಕಿಲ್ಲ. ಆದರೆ ಸಂಗೀತವನ್ನು ಅಂಕಿಗಳಾಗಿ ಮಾಡಿ ಟೇಪಿನ ಮೇಲೆ ಬರೆದಿಟ್ಟ ಮೊದಮೊದಲ ತಾಣಗಳಲ್ಲಿ ಇದೂ ಒಂದು. ಅಂದು ಇದರ ಹೆಸರು ಸೌಂಡ್ 80 ಸ್ಟುಡಿಯೋ.

1978ರ ಜೂನ್ ತಿಂಗಳಲ್ಲಿ ಫ್ಲಿಮ್ ಅಂಡ್ ದ ಬಿಬೀಸ್ ಎಂಬ ಜಾಝ್ ತಂಡ ಇಲ್ಲಿ ನುಡಿಸಲು ಕುಳಿತಿತು. ವಾದನ ನಡೆಯುತ್ತಿದ್ದಂತೆಯೇ ಗ್ರಾಮಫೋನ್ ತಟ್ಟೆಯ ಗೆರೆಯನ್ನು ನೇರವಾಗಿ ಕೊರೆಯುವ ಏರ್ಪಾಡು ಅದು. ನಡುವೆ ನಿಲ್ಲಿಸುವಂತಿಲ್ಲ, ಹಿಂದಕ್ಕೆ ಹೋಗುವಂತಿಲ್ಲ. ಕೊನೆಯಲ್ಲಿ ಒಂದು ಸ್ವರ ತಪ್ಪಿದರೂ ತಟ್ಟೆಯ ಆ ಇಡೀ ಮಗ್ಗುಲನ್ನು ಮೊದಲಿನಿಂದ ನುಡಿಸಬೇಕು! ಪಕ್ಕದಲ್ಲಿ, ಇದ್ದಿರಲಿ ಎಂದು, ತ್ರೀ ಎಂ ಕಂಪನಿಯ ಪ್ರಾಯೋಗಿಕ ಡಿಜಿಟಲ್ ಟೇಪ್ ಯಂತ್ರವೂ ಓಡುತ್ತಿತ್ತು. ಕೇಳಿ ನೋಡಿದಾಗ ಟೇಪಿನದೇ ಮೇಲೆನಿಸಿತು. ಅದರಿಂದಲೇ ತಟ್ಟೆ ಹೊರಬಂತು. ಇಲ್ಲೇ ಡಿಜಿಟಲ್ ಆಗಿ ಮುದ್ರಿಸಿದ ಸೇಂಟ್ ಪಾಲ್ ಚೇಂಬರ್ ಆರ್ಕೆಸ್ಟ್ರಾದ ತಟ್ಟೆಗೆ ಮುಂದೆ ಗ್ರಾಮಿ ಪ್ರಶಸ್ತಿಯೂ ಬಂತು.

ಅದೇ ಕಂಪನಿಯ 32 ಟ್ರ್ಯಾಕಿನ ಯಂತ್ರಗಳನ್ನು ಮೊದಲು ಪಡೆದ ಸ್ಟುಡಿಯೋಗಳಲ್ಲಿ ಸೌಂಡ್ 80 ಕೂಡ ಒಂದು. ಒಂದೇ ಇಂಚು ಅಗಲದ ಟೇಪಿನಲ್ಲಿ 32 ಸಾಲು! ಟೇಪಿನ ವೇಗ ಸೆಕೆಂಡಿಗೆ 45 ಇಂಚು. ಮನೆಯ ಕ್ಯಾಸೆಟ್ಟಿನ ವೇಗಕ್ಕಿಂತ 24 ಪಟ್ಟು. ಅರ್ಧ ಗಂಟೆಯ ಸಂಗೀತಕ್ಕೆ ಎರಡು ಕಿಲೋಮೀಟರಿಗೂ ಹೆಚ್ಚು ಟೇಪು ಬೇಕು. ಪ್ರತಿ ಸಾಲಿನಲ್ಲೂ ಸೆಕೆಂಡಿಗೆ ಸುಮಾರು 50 ಸಾವಿರ ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆಯಬೇಕು. ಹಳೆಯ ಟೇಪು ತುಸು ತೊನೆದರೆ ಸ್ವರವೂ ತೊನೆಯುತ್ತಿತ್ತು. ಇಲ್ಲಿ ಹಾಗಲ್ಲ. ಓದಿದ ಅಂಕಿಗಳು ಮೊದಲು ಯಂತ್ರದ ಸ್ಮೃತಿಕೋಶದಲ್ಲಿ ತಂಗಿ, ಸ್ಫಟಿಕ ಗಡಿಯಾರದ ತಾಳಕ್ಕೆ ಸರಿಯಾಗಿ ಹೊರಬರುತ್ತವೆ.

ಇಷ್ಟೆಲ್ಲ ಇದ್ದರೂ ನಡೆಸುವವನ ಬೆರಳಿಗೆ ಸಿಗುವುದು ಪರಿಚಿತ ಗುಂಡಿಗಳೇ: ಪ್ಲೇ, ಸ್ಟಾಪ್, ರಿವೈಂಡ್, ಫಾಸ್ಟ್ ಫಾರ್ವರ್ಡ್, ರೆಕಾರ್ಡ್. ಟೇಪನ್ನು ಒಯ್ಯುವ ಇವುಗಳಿಗೆ ಒಟ್ಟಾಗಿ ಟ್ರಾನ್ಸ್‌ಪೋರ್ಟ್ ಎಂದು ಹೆಸರು. ಪಿಟೀಲಿನ ಒಂದು ಸಾಲು ತಪ್ಪಿತೆನ್ನಿ. ಆ ಟ್ರ್ಯಾಕಿನ ಸ್ವಿಚ್ಚನ್ನು ಮಾತ್ರ ರೆಕಾರ್ಡಿಗೆ ಸಿದ್ಧಗೊಳಿಸಬೇಕು. ಉಳಿದ 31 ಸುರಕ್ಷಿತ. ತಪ್ಪಿದ ಜಾಗಕ್ಕಲ್ಲ, ಅದಕ್ಕೂ ತುಸು ಹಿಂದಕ್ಕೆ ಸುತ್ತಬೇಕು. ಟೇಪು ತನ್ನ ವೇಗಕ್ಕೆ ಬರಲು ಸಮಯ ಬೇಕು. ವಾದಕನಿಗೆ ಶ್ರುತಿ, ತಾಳ ಹಿಡಿಯಲೂ ಬೇಕು. ಆತ ಹಳೆಯದರ ಜೊತೆ ನುಡಿಸುತ್ತ ಬರುತ್ತಾನೆ. ಸರಿಯಾದ ಗಳಿಗೆಯಲ್ಲಿ ರೆಕಾರ್ಡ್ ಒತ್ತಬೇಕು, ಸರಿಯಾದ ಗಳಿಗೆಯಲ್ಲಿ ಹೊರಬರಬೇಕು. ಅರ್ಧ ಸೆಕೆಂಡು ತಡವಾದರೆ ಮುಂದಿದ್ದ ಒಳ್ಳೆಯ ಸ್ವರವೂ ಅಳಿಸಿಹೋಗುತ್ತದೆ. ಅಳಿಸಿದ್ದನ್ನು ಮರಳಿ ತರುವ ಗುಂಡಿ ಆ ಯಂತ್ರದಲ್ಲಿ ಇರಲಿಲ್ಲ.

1978ರ ಆ ಪ್ರಾಯೋಗಿಕ ಯಂತ್ರದ ಗತಿ ಏನಾಯಿತು? ಅದನ್ನು ಬಿಚ್ಚಿ ಹಾಕಿದರು. ಅದರ ಬರವಣಿಗೆಯ ಕ್ರಮ ಬೇರೆ ಯಂತ್ರಗಳಿಗೆ ತಿಳಿಯದು. ಟೇಪಿದ್ದೂ ಓದುವವರಿಲ್ಲದ ಲಿಪಿಯಂತಾಯಿತು. ವಿಷಯವನ್ನು ಉಳಿಸಿದರೆ ಸಾಲದು, ಓದುವ ಸಾಧನವನ್ನೂ ಉಳಿಸಬೇಕೆಂಬ ಪಾಠ ಇದು. ಇಂದಿನ ಕಂಪ್ಯೂಟರ್ ಕಡತಗಳಿಗೂ ಸಲ್ಲುತ್ತದೆ.

1990ರಲ್ಲಿ ಓರ್ಫೀಲ್ಡ್ ಧ್ವನಿ ಪ್ರಯೋಗಾಲಯ ಈ ಕಟ್ಟಡವನ್ನು ಪಡೆಯಿತು. ಅದರ ಒಂದು ಕೋಣೆಯ ಒಳಮೈಗೆಲ್ಲ ಗಾಜಿನ ನಾರಿನ ದಪ್ಪ ಬೆಣೆಗಳು. 2021ರಲ್ಲಿ ಇಲ್ಲಿ ಅಳೆದ ಸದ್ದು ಮೈನಸ್ 24.9 ಡೆಸಿಬೆಲ್, ಗಿನ್ನೆಸ್ ದಾಖಲೆಯಾಯಿತು. ಸೊನ್ನೆಯೆಂದರೇ ಮನುಷ್ಯನ ಕಿವಿಗೆ ಕೇಳುವ ಕನಿಷ್ಠ ಸದ್ದು. ಇದು ಅದಕ್ಕೂ ಕೆಳಗೆ! ಒಳಗೆ ಹೋದವರಿಗೆ ಸ್ವಲ್ಪ ಹೊತ್ತಿನಲ್ಲಿ ತಮ್ಮ ಎದೆಬಡಿತವೇ ಕೇಳತೊಡಗುತ್ತದೆ.

ಒಂದು ಕಾಲದಲ್ಲಿ ಇದೇ ಸೂರಿನಡಿ ತಪ್ಪಿದ್ದನ್ನು ಹಿಂದಕ್ಕೆ ಸುತ್ತಿ ತಿದ್ದುತ್ತಿದ್ದರು. ತಿದ್ದಲು ಮತ್ತೊಂದು ಅವಕಾಶ ಕೊಟ್ಟದ್ದು ಯಂತ್ರ. ಎಲ್ಲಿ ತಪ್ಪಿತು, ಎಲ್ಲಿಗೆ ನಿಲ್ಲಿಸಬೇಕು ಎಂದು ಹೇಳಿದ್ದು ಮಾತ್ರ ಕಿವಿ. ಪರೀಕ್ಷೆಯ ಉತ್ತರ ಪತ್ರಿಕೆಯನ್ನು ತಿದ್ದಿಕೊಳ್ಳುವ ಮಕ್ಕಳಿಗೂ, ಪಕ್ಕದಲ್ಲಿ ಕುಳಿತ ಹಿರಿಯರಿಗೂ ಇದು ನೆನಪಿರಲಿ.