ಅಜ್ಜಿ ಹೇಳಿದ್ದಕ್ಕೆ ಎಷ್ಟು ಮಾರ್ಕು?

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ಟ್ರುಗಳ ಮನೆಗೆ ಪ್ರಾಜೆಕ್ಟ್ ಸೀಸನ್ನಿನಲ್ಲಿ ಒಮ್ಮೆ ಬಂದು ನೋಡಿ ಮಾರಾಯ್ರೆ, ಕೂರಲಿಕ್ಕೆ ಜಾಗ ಇರುವುದಿಲ್ಲ. ಕುರ್ಚಿ ಮೇಲೆ ಥರ್ಮೋಕೋಲಿನ ಕೋಟೆ, ಮಂಚದ ಮೇಲೆ ಮಿಂಚುಪುಡಿ ಉದುರಿಸುವ ಫೈಲುಗಳು. ಒಂದು ವಾರ ನನ್ನ ಅನ್ನದ ತಟ್ಟೆಯಲ್ಲೂ ಆ ಮಿಂಚು ಕಾಣುತ್ತದೆ. ಬೆಳ್ತಂಗಡಿಯಲ್ಲಿ ಕೆಲವು ವರ್ಷ, ಮೂಡುಬಿದಿರೆಯಲ್ಲಿ ಕೆಲವು ವರ್ಷ ಇದ್ದು, ಈಗ ಬಂಟ್ವಾಳದ ಕಡೆಗೆ ಬಂದಿದ್ದೇನೆ. ಊರು ಬದಲಾಯಿತು, ಮಿಂಚುಪುಡಿ ಬದಲಾಗಲಿಲ್ಲ.

ಲೆಕ್ಕ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ವಿಜ್ಞಾನಕ್ಕೆ 100 ಅಂಕ. ಅದರಲ್ಲಿ 80 ಪಬ್ಲಿಕ್ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ನ್ನು ಯಾರೋ ಗುರುತಿಲ್ಲದವರು ಮಾದರಿ ಉತ್ತರ ಪಕ್ಕದಲ್ಲಿಟ್ಟುಕೊಂಡು ತಿದ್ದುತ್ತಾರೆ. ಈ 20 ಮಾತ್ರ ನಮ್ಮ ಕೈಯಲ್ಲಿ. ಮಗು ಎದುರಿಗೇ ಇರುತ್ತದೆ, ಕೇಳಬಹುದು, ವಾದ ಮಾಡಬಹುದು. ಆದರೆ ಆಗುವುದೇನು? ಪೇಟೆಯ ಸೈಬರ್ ಅಂಗಡಿಯವನಿಗೆ ವಿಷಯ ಹೇಳಿದರೆ ಹತ್ತು ಪುಟ ಪ್ರಿಂಟು ಬರುತ್ತದೆ. ಮೂವತ್ತು ಮಕ್ಕಳಿಗೆ ಒಂದೇ ಚಿತ್ರ, ಒಂದೇ ಸಾಲು, ಅದೇ ಅಕ್ಷರತಪ್ಪು! ಎಲ್ಲರಿಗೂ ಹತ್ತೊಂಬತ್ತೋ ಇಪ್ಪತ್ತೋ ಹಾಕಿ ಕಳಿಸಿದರೆ ಯಾರಿಗೂ ಜಗಳವಿಲ್ಲ.

ನನಗೆ ತಲೆಬಿಸಿ ಶುರುವಾಗುವುದು ಸೈಬರ್ ಅಂಗಡಿಗೆ ಹೋಗದೆ ಬರೆದ ಮಗುವಿನಿಂದ.

ಬಂಟ್ವಾಳದ್ದೇ ನೋಡಿ. ಹತ್ತನೇ ತರಗತಿಯ ಪುಸ್ತಕದಲ್ಲಿ ಅಮರ ಸುಳ್ಯ ಬಂಡಾಯ ಉಂಟು. 1834ರಲ್ಲಿ ಕಂಪನಿ ಸರಕಾರ ಕೊಡಗನ್ನು ನುಂಗಿತು. ಅಮರ ಸುಳ್ಯ, ಪುತ್ತೂರು ಕಡೆಯ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದ ರೂಪದಲ್ಲಿದ್ದ ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂದಿತು. 1837ರಲ್ಲಿ ರೈತರು ಎದ್ದು, ಬಂಟ್ವಾಳ ದಾಟಿ ಮಂಗಳೂರು ಹಿಡಿದರು. ಸುಮಾರು ಎರಡು ವಾರ ಅಲ್ಲಿ ಅವರದ್ದೇ ಆಡಳಿತ. ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಲ್ಲಿಸಿದ್ದಾರೆ.

ಒಬ್ಬಳು ಹುಡುಗಿ ಈ ವಿಷಯ ತೆಗೆದುಕೊಂಡಳು. ನೋಟು ಪುಸ್ತಕದಿಂದ ಹರಿದ ನಾಲ್ಕು ಹಾಳೆ, ಹೊಲಿದ ನೂಲು ಕೂಡ ಮನೆಯದ್ದೇ. ಅವಳು ಬರೆದದ್ದು ಹೀಗೆ: "ನನ್ನ ಅಜ್ಜಿ ಇದನ್ನು ಕಲ್ಯಾಣಪ್ಪನ ಕಾಟುಕಾಯಿ ಎನ್ನುತ್ತಾರೆ. ಕಾಟುಕಾಯಿ ಬರುತ್ತದೆ ಎಂದು ಜನರು ಪಾತ್ರೆಗಳನ್ನು ಹೂತಿಟ್ಟು ಗುಡ್ಡೆಗೆ ಓಡಿದರಂತೆ. ಪುಸ್ತಕದಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಟ ಎಂದಿದೆ. ಹಾಗಾದರೆ ಜನ ಯಾಕೆ ಓಡಿದರು ಎಂದು ನನಗೆ ಗೊತ್ತಾಗಲಿಲ್ಲ."

ನಮ್ಮ ಕಡೆಯ ಹಿರಿಯರಿಗೆ ಕಾಟುಕಾಯಿ ಎಂದರೆ ಲೂಟಿ, ದಾಂಧಲೆ. ಸ್ಟಾಫ್ ರೂಮಿನಲ್ಲಿ ಈ ಹಾಳೆ ತೋರಿಸಿದೆ. "ಸರ್, ಅಜ್ಜಿ ಕಥೆಗೆಲ್ಲ ಮಾರ್ಕು ಕೊಟ್ಟರೆ ನಾಳೆ ಭೂತದ ಪಾಡ್ದನ ಬರೆದುಕೊಂಡು ಬರುತ್ತಾರೆ" ಎಂದರು ಒಬ್ಬರು. ಇನ್ನೊಬ್ಬರು, "ಹೋರಾಟಗಾರರಿಗೆ ಅವಮಾನ ಅಲ್ವಾ ಇದು?" ಎಂದರು. ಇಬ್ಬರ ಮಾತೂ ತೆಗೆದುಹಾಕುವಂಥದ್ದಲ್ಲ. 1837ರ ಸಂಗತಿ ಈಗಿನ ಅಜ್ಜಿಗೆ ತಲುಪಬೇಕಾದರೆ ನಾಲ್ಕಾರು ಬಾಯಿ ದಾಟಿ ಬರಬೇಕು. ತಾರೀಕಿಗೆ, ಸಂಖ್ಯೆಗೆ ಅದನ್ನು ನಂಬಲಿಕ್ಕಾಗದು. ಆದರೆ ದಂಡು ಹೋದ ದಾರಿಯ ಬದಿಯ ಮನೆಯವರು ಏನು ಅಂದುಕೊಂಡರು ಎಂಬುದು ತಿಳಿಯಬೇಕಾದರೆ ಅಜ್ಜಿಯೇ ಗತಿ. ಗೆದ್ದ ಕಂಪನಿಯವರು ಬಂಡಾಯ ಎದ್ದವರನ್ನು ದರೋಡೆಕಾರರೆಂದೇ ಕರೆದರು. ಆ ಮಾತೇ ಊರಿನ ಬಾಯಿಗೂ ಬಂತೋ ಅಥವಾ ಜನ ನಿಜವಾಗಿ ಹೆದರಿದ್ದರೋ? ಎರಡೂ ಇರಬಹುದು. ಹದಿನೈದು ವರ್ಷದ ಹುಡುಗಿ ಇದಕ್ಕೆ ಉತ್ತರ ಕೊಡಬೇಕಾಗಿಲ್ಲ. ಪ್ರಶ್ನೆ ಎತ್ತಿದಳಲ್ಲ, ಚರಿತ್ರೆಯ ಕೆಲಸ ಅರ್ಧ ಅಲ್ಲೇ ಆಯಿತು.

ಇನ್ನೊಂದು ಕಿರುಪರೀಕ್ಷೆಯಲ್ಲಿ ಮುಂದಾಳು ಯಾರು ಎಂಬ ಪ್ರಶ್ನೆಗೆ ಅವಳು "ಕಲ್ಯಾಣಪ್ಪ" ಎಂದು ಬರೆದಳು. ಮಾದರಿ ಉತ್ತರ "ಪುಟ್ಟಬಸಪ್ಪ". ಪುಟ್ಟಬಸಪ್ಪನೇ ಕಲ್ಯಾಣಸ್ವಾಮಿ ಎಂಬ ಹೆಸರು ಹೊತ್ತು ಬಂದದ್ದು; ಊರಿಗೆ ಗೊತ್ತಾದದ್ದು ಆ ಹೆಸರೇ. ಪೂರ್ತಿ ಅಂಕ ಕೊಟ್ಟೆ. ಪಬ್ಲಿಕ್ ಪರೀಕ್ಷೆಯಲ್ಲಿ ಮಾತ್ರ ಎರಡೂ ಹೆಸರು ಬರೆ ಮಗಳೇ, ತಿದ್ದುವವರಿಗೆ ನಿನ್ನ ಅಜ್ಜಿ ಗೊತ್ತಿಲ್ಲ ಎಂದೆ.

ಬೆಳ್ತಂಗಡಿಯಲ್ಲಿದ್ದಾಗಿನದ್ದು ಬೇರೆ ಥರ. ಅಲ್ಲಿ ಎಲ್ಲರ ಪ್ರಾಜೆಕ್ಟೂ ಗಡಾಯಿಕಲ್ಲು. ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿ ತಾಯಿ ಜಮಾಲ್ ಬೀಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ; ಮೊದಲು ಅದು ನರಸಿಂಹಗಡ. ಮೆಟ್ಟಿಲು 1876 ಎಂದು ಎಲ್ಲ ಫೈಲುಗಳಲ್ಲೂ ಇತ್ತು. ಮೂವರು ಹುಡುಗರು ಒಂದು ಭಾನುವಾರ ಹತ್ತಿ ಎಣಿಸಿ ಬಂದರು. ಮೂವರದ್ದೂ ಮೂರು ಸಂಖ್ಯೆ! ಇಬ್ಬರು ತಮ್ಮ ಎಣಿಕೆ ಹೊಡೆದುಹಾಕಿ 1876 ಎಂದೇ ಬರೆದರು. ಮೂರನೆಯವನು ಮೂರು ಸಂಖ್ಯೆಯನ್ನೂ ಬರೆದು, "ಕೆಲವು ಕಡೆ ಮೆಟ್ಟಿಲು ಸವೆದಿದೆ, ಯಾವುದನ್ನು ಎಣಿಸಬೇಕು ಎಂದು ತಿಳಿಯಲಿಲ್ಲ" ಎಂದು ಸೇರಿಸಿದ. ಹೆಚ್ಚು ಅಂಕ ಅವನಿಗೆ. ಮೆಟ್ಟಿಲಿನ ಸಂಖ್ಯೆ ಯಾರಿಗೆ ಬೇಕು? ಎಣಿಸಿದ್ದನ್ನು ಎಣಿಸಿದ ಹಾಗೆಯೇ ಹೇಳುವ ಧೈರ್ಯ ಬೇಕು.

ಮೂಡುಬಿದಿರೆಯಲ್ಲಿ ಚೌಟರ ಅರಮನೆ ಉಂಟಲ್ಲ, ಹಾಗಾಗಿ ಅಲ್ಲಿ ಅಬ್ಬಕ್ಕ ರಾಣಿಯದ್ದೇ ಅಬ್ಬರ. ಅಂಗಡಿಯ ಪ್ರಿಂಟಿನಲ್ಲಿ ಒಬ್ಬಳೇ ಅಬ್ಬಕ್ಕ 1555ರಿಂದ ಪೋರ್ಚುಗೀಸರೊಡನೆ ಕಾದುತ್ತಲೇ ಇರುತ್ತಾಳೆ. ಒಬ್ಬ ಹುಡುಗಿಗೆ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯ ವಿಷಯ ಸಿಕ್ಕಿತು. ಅವನು 1623ರಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು, ನಲವತ್ತರ ಆಸುಪಾಸಿನವಳಂತೆ ಕಾಣುತ್ತಾಳೆಂದು ಬರೆದಿದ್ದಾನೆ. ಹುಡುಗಿ ಅಂಚಿನಲ್ಲಿ ಕಳೆಯುವ ಲೆಕ್ಕ ಮಾಡಿದ್ದಳು: 1623ರಲ್ಲಿ 1555 ಕಳೆದರೆ 68. ಕೆಳಗೆ, "ಹಾಗಾದರೆ ಅಬ್ಬಕ್ಕ ಒಬ್ಬಳೇ ಅಲ್ಲ ಸರ್?" ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರೆಂದು ಇತಿಹಾಸಕಾರರೂ ಹೇಳುತ್ತಾರೆ. ಇವಳು ಬರೀ ಒಂದು ಕಳೆಯುವ ಲೆಕ್ಕದಿಂದ ಅಲ್ಲಿಗೆ ತಲುಪಿದ್ದಳು.

ಇವನ್ನೆಲ್ಲ ನೋಡಿದ ಮೇಲೆ ನಾನು ಅಂಕ ಹಂಚುವ ರೀತಿ ಹೀಗೆ. ಪ್ರಾಜೆಕ್ಟನ್ನು ಹತ್ತು ಅಂಕಕ್ಕೆ ನೋಡುತ್ತೇನೆ. ಹುಡುಕಿದ ಸಂಗತಿಗೆ 4. "ಇದು ನಿನಗೆ ಹೇಗೆ ಗೊತ್ತು?" ಎಂಬ ಪ್ರಶ್ನೆಗೆ ಮಗು ಕೊಡುವ ಉತ್ತರಕ್ಕೆ 3. ಎರಡು ಕಡೆಯ ಮಾತು ತಾಳೆಯಾಗದಿದ್ದರೆ ಅದನ್ನು ಅಡಗಿಸದೆ ಬರೆದದ್ದಕ್ಕೆ 2. ಅಂದಚೆಂದಕ್ಕೆ 1. ಮಿಂಚುಪುಡಿ ಎಷ್ಟೇ ಸುರಿದರೂ ಅಷ್ಟೇ! ಆಮೇಲೆ ಅದನ್ನು ಇಪ್ಪತ್ತರ ಲೆಕ್ಕಕ್ಕೆ ಸೇರಿಸುತ್ತೇನೆ.

ಇದರಲ್ಲಿ ಒಂದು ತೊಡಕು ಉಂಟು. ನಾನು ಬಿಗಿ ಹಿಡಿದರೆ, ಧಾರಾಳವಾಗಿ ಇಪ್ಪತ್ತು ಕೊಡುವ ಪಕ್ಕದ ಶಾಲೆಯ ಮಕ್ಕಳೆದುರು ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ. ಮುಂದೆ ಪಿಯುಸಿ ಸೀಟಿನ ಸಾಲಿನಲ್ಲಿ ಒಂದೆರಡು ಅಂಕಕ್ಕೂ ಬೆಲೆ ಉಂಟು. ಒಬ್ಬರು ತಂದೆ ಬಂದು, "ಫೈಲಿಗೇ ಇಷ್ಟು ಖರ್ಚು ಮಾಡಿದ್ದೇವೆ ಸರ್, ಆರು ಮಾರ್ಕಾ?" ಎಂದು ಬೇಸರಪಟ್ಟರು. ಬೀಡಿ ಕಟ್ಟಿದ ದುಡ್ಡಿನಲ್ಲಿ ಪ್ರಿಂಟು ತೆಗೆಸಿದ ಮನೆಯದು. ಅವರ ಮೇಲೆ ಸಿಟ್ಟು ಮಾಡಲು ಮನಸ್ಸು ಬರುವುದಿಲ್ಲ.

ಅದಕ್ಕೆ ಕಂಡುಕೊಂಡ ಉಪಾಯ ಇಷ್ಟೇ: ಮೊದಲ ಸಲ ಅಂಕವನ್ನು ಪೆನ್ಸಿಲಿನಲ್ಲಿ ಹಾಕಿ ಹಾಳೆ ವಾಪಸು ಕೊಡುತ್ತೇನೆ. ಜೊತೆಗೆ ಎರಡು ಪ್ರಶ್ನೆ. ಹತ್ತು ದಿನದೊಳಗೆ ಒಂದು ಪುಟ ಕೈಬರಹದಲ್ಲಿ ಉತ್ತರ ತಂದರೆ ಪೆನ್ನಿನಲ್ಲಿ ಹೊಸ ಅಂಕ. ಆ ತಂದೆಯ ಮಗ ಬಿ.ಸಿ.ರೋಡಿನ ತುಳು ಬದುಕು ವಸ್ತು ಸಂಗ್ರಹಾಲಯಕ್ಕೆ ಹೋದ. ಪ್ರೊ. ತುಕಾರಾಮ ಪೂಜಾರಿಯವರು ಕೂಡಿಸಿಟ್ಟ ಹಳೆಯ ಮನೆಬಳಕೆಯ ಸಾಮಾನುಗಳನ್ನು ನೋಡಿ ಬಂದು, "ಅಕ್ಕಿ ಅಳೆದು ಕಂದಾಯ ಕೊಡುತ್ತಿದ್ದವರಿಗೆ ನಾಣ್ಯ ಎಲ್ಲಿಂದ ತರುವುದು?" ಎಂದು ಬರೆದ. ಪ್ರಿಂಟಿನ ಹತ್ತು ಪುಟದಲ್ಲಿ ಇಲ್ಲದ ಮಾತು. ಆರು ಒಂಬತ್ತಾಯಿತು.

ಪೆನ್ಸಿಲಿನ ಕೆಲಸ ಎರಡರಷ್ಟು ಹೊತ್ತು ತಿನ್ನುತ್ತದೆ, ಎಲ್ಲ ವರ್ಷ ಪೂರೈಸುವುದೂ ಇಲ್ಲ. ಆದರೂ ಬಿಡಲಿಕ್ಕೆ ಮನಸ್ಸಿಲ್ಲ. ಪುಸ್ತಕ ಹೇಳಿದ್ದನ್ನು ಹೇಳಲು ಮಕ್ಕಳಿಗೆ 80 ಅಂಕ ಉಂಟು. ತಾನು ಕಂಡದ್ದು, ಕೇಳಿದ್ದು ಪುಸ್ತಕಕ್ಕೆ ಹೊಂದದಿದ್ದರೆ ಹೆದರದೆ ಹೇಳಲು ಈ 20 ಆದರೂ ಬೇಡವೇ?

ಅಂದ ಹಾಗೆ, ಕಾಟುಕಾಯಿ ಹುಡುಗಿಗೆ ನಾನು ಕೊಟ್ಟದ್ದು ಹತ್ತಕ್ಕೆ ಒಂಬತ್ತು. ಅಂದಚೆಂದದ ಒಂದು ಮಾತ್ರ ಸಿಗಲಿಲ್ಲ, ಹಾಳೆಯ ಮೇಲೆ ಚಾದ ಕಲೆ ಇತ್ತು. ನೀವಾದರೆ ಎಷ್ಟು ಕೊಡುತ್ತಿದ್ದಿರಿ?